ಕಾಬೂಲ್ ಬಿದ್ದದ್ದು ಯಾವತ್ತು?

2021ರ ಆಗಸ್ಟ್ 6ಕ್ಕೆ ಇರಾನ್ ಗಡಿಯ ಜರಾಂಜ್ ಪಟ್ಟಣ ತಾಲಿಬಾನ್ ಕೈ ಸೇರ್ತು. ಆಗಸ್ಟ್ 15ಕ್ಕೆ ಕಾಬೂಲ್. ಒಂಬತ್ತೇ ದಿನ. ಟಿವಿ ಚರ್ಚೆಗೆ ಬಂದವರೆಲ್ಲ ಮೂಗಿನ ಮೇಲೆ ಬೆರಳಿಟ್ಕೊಂಡು "ಇಷ್ಟು ಬೇಗ ಹೇಗಾಯ್ತು" ಅಂತ ಕೇಳಿದ್ರು. ನನ್ನ ತಕರಾರು ಇರೋದೇ ಆ "ಇಷ್ಟು ಬೇಗ" ಅನ್ನೋ ಮಾತಿನ ಮೇಲೆ. ಬೇಗ ಏನೂ ಆಗಿರಲಿಲ್ಲ. ವರ್ಷಗಟ್ಟಲೆ ನಡೆದಿದ್ದ ಕೆಲಸದ ಕೊನೆಯ ಒಂಬತ್ತು ದಿನ ಮಾತ್ರ ಕ್ಯಾಮೆರಾಗೆ ಸಿಕ್ತು, ಅಷ್ಟೇ.

ಆ ವರ್ಷಗಳಲ್ಲಿ ಏನಾಗ್ತಿತ್ತು? ಅಫ್ಘಾನಿಸ್ತಾನದ ಒಂದು ಹಳ್ಳಿ ಅಂತಿಟ್ಕೊಳ್ಳಿ. ಕಾಲುವೆ ಪಕ್ಕದ ಒಂದು ತುಂಡು ಜಮೀನು, ಇಬ್ಬರು ಹಕ್ಕುದಾರರು. ಒಬ್ಬನ ಹತ್ರ ಆಗಿನ ಸರ್ಕಾರದ ಕಾಗದ, ಇನ್ನೊಬ್ಬನ ಹತ್ರ ಅದಕ್ಕೂ ಹಿಂದಿನ ಸರ್ಕಾರದ್ದು. ನಲವತ್ತು ವರ್ಷದಲ್ಲಿ ಅಷ್ಟು ಸರ್ಕಾರ ಬದಲಾದ ದೇಶದಲ್ಲಿ ಇದು ಊರೂರಿನ ಜಗಳ. ಸರ್ಕಾರಿ ಕೋರ್ಟಿಗೆ ಹೋದ್ರೆ ಲಂಚ, ವರ್ಷಗಟ್ಟಲೆ ವಾಯಿದೆ. ಗೆದ್ದವನು ಸೋತ, ಸೋತವನು ಸತ್ತ ಅಂತ ನಾವು ಅಂತೀವಲ್ಲ, ಅದೇ ಕಥೆ. ತಾಲಿಬಾನ್ ನ್ಯಾಯಾಧೀಶ ಎರಡೂ ಕಡೆಯವರನ್ನ ಕರೆಸಿ, ಕಾಗದ ನೋಡಿ, ಸಾಕ್ಷಿ ಕೇಳಿ, ಬೇಗ ತೀರ್ಪು ಕೊಟ್ಟು ಎದ್ದು ಹೋಗ್ತಿದ್ದ. ತೀರ್ಪು ಮೀರೋ ಧೈರ್ಯ ಯಾರಿಗಿತ್ತು? ಹಿಂದೆ ಬಂದೂಕು ನಿಂತಿತ್ತು.

ಇಲ್ಲೊಂದು ಸೂಕ್ಷ್ಮ ಇದೆ. ಆ ಜಮೀನು ಗೆದ್ದವನಿಗೆ ತಾಲಿಬಾನ್ ಇಷ್ಟ ಇರಬೇಕಾಗಿಲ್ಲ. ಆದ್ರೆ ನಾಳೆ ತಾಲಿಬಾನ್ ಹೋದ್ರೆ ತೀರ್ಪೂ ಹೋಗುತ್ತೆ, ಜಮೀನೂ ಹೋಗುತ್ತೆ. ಅಂದ್ರೆ ಒಂದೊಂದು ತೀರ್ಪಿನ ಜೊತೆ ಒಂದೊಂದು ಮನೆ ಅವರ ಉಳಿವಿಗೆ ಗಂಟು ಬೀಳ್ತಾ ಹೋಯ್ತು. ಅದಕ್ಕೇ ನಾನು ಹೇಳೋದು, ಇಂಥ ಗುಂಪುಗಳು ಬಾವುಟ ಹಾರಿಸೋದು ಕೊನೆಯಲ್ಲಿ. ಮೊದಲು ಬರೋದು ಪಂಚಾಯ್ತಿ, ಆಮೇಲೆ ವಸೂಲಿ.

ವಸೂಲಿ ನೋಡಬೇಕಂದ್ರೆ ಸೊಮಾಲಿಯಾಗೆ ಹೋಗಬೇಕು. ಲಾರಿಯವನೊಬ್ಬ ಸರಕು ತುಂಬ್ಕೊಂಡು ಹೊರಟಿದ್ದಾನೆ. ಸರ್ಕಾರಿ ಪಡೆಗಳು, ಸ್ಥಳೀಯ ಬಣಗಳು ಇರೋ ದಾರಿಯಲ್ಲಿ ಹೋದ್ರೆ ತಡೆಗೊಂದು ಕೈ ಚಾಚುತ್ತೆ, ದರ ಅವತ್ತಿನ ಮರ್ಜಿ. ಸರ್ಕಾರದ ವಿರುದ್ಧ ಹೋರಾಡೋ ಉಗ್ರ ಗುಂಪು ಅಲ್ ಶಬಾಬ್‌ನ ತಡೆಯಲ್ಲಿ ಲಾರಿ ಎಷ್ಟು ದೊಡ್ಡದು, ಸರಕು ಏನು ಅನ್ನೋದರ ಮೇಲೆ ದರ ಗೊತ್ತು. ದುಡ್ಡು ಕೊಟ್ಟ, ರಶೀದಿ ಇಸ್ಕೊಂಡ. ಮುಂದಿನ ತಡೆಯಲ್ಲಿ ಅದೇ ರಶೀದಿ ತೋರಿಸಿದ್ರೆ ಸಾಕು. 2011ರಲ್ಲೇ ರಾಜಧಾನಿ ಮೊಗದಿಶುವಿನಿಂದ ಕಾಲ್ತೆಗೆದ ಈ ಗುಂಪು, ಅದಾಗಿ ವರ್ಷಗಳ ಮೇಲೂ ಅದೇ ಊರಿನ ಬಂದರಿಗೆ ಮಾಲು ತರಿಸೋ ವ್ಯಾಪಾರಿಗಳಿಂದ ತೆರಿಗೆ ಎತ್ತುತ್ತಿತ್ತು. ಊರು ಸರ್ಕಾರದ್ದು, ಲೆಕ್ಕದ ಪುಸ್ತಕ ಅವರದ್ದು. ಭೂಪಟದಲ್ಲಿ ಆ ನಗರಕ್ಕೆ ಯಾವ ಬಣ್ಣ ಬಳೀತೀರಿ ನೀವೇ ಹೇಳಿ.

ಇದಕ್ಕಿಂತ ವಿಚಿತ್ರ ಸಂಬಳದ ಕಥೆ. 2014ರ ಜೂನ್‌ನಲ್ಲಿ ಇರಾಕಿನ ಮೊಸುಲ್ ನಗರ ಐಸಿಸ್ ಉಗ್ರರ ಕೈಗೆ ಬಿತ್ತು. ತಮಗಿಂತ ಎಷ್ಟೋ ಪಟ್ಟು ದೊಡ್ಡದಿದ್ದ ಸೇನೆಯನ್ನ ಓಡಿಸಿದ್ರು ಅಂತಾರೆ. ದೊಡ್ಡದಿದ್ದದ್ದು ಕಾಗದದಲ್ಲಿ. ಅದೇ ವರ್ಷದ ಕೊನೆಗೆ ಪ್ರಧಾನಿ ಹೈದರ್ ಅಲ್ ಅಬಾದಿಯವರೇ ಹೇಳಿದ್ರು, ಇರಾಕ್ ಸೇನೆಯಲ್ಲಿ 50,000 ಜನ ಬರೀ ಹೆಸರಿಗೆ ಇದ್ದವರು, ಸಂಬಳ ಯಾರದೋ ಜೇಬಿಗೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಮೊಸುಲ್ ಬಿದ್ದ ಮೇಲೆ? ಅಲ್ಲಿನ ಮೇಷ್ಟ್ರುಗಳಿಗೆ, ಗುಮಾಸ್ತರಿಗೆ ಬಾಗ್ದಾದ್ ಸರ್ಕಾರ 2015ರ ಮಧ್ಯದವರೆಗೂ ಸಂಬಳ ಕೊಡ್ತಲೇ ಇತ್ತು, ಅದರಲ್ಲಿ ಐಸಿಸ್ ತನ್ನ ಪಾಲು ಕಿತ್ಕೊಳ್ತಿತ್ತು. ನಿಲ್ಲಿಸಿದ್ರೆ ಜನ ಉಪವಾಸ, ಕೊಟ್ರೆ ಶತ್ರುವಿಗೆ ಖಜಾನೆ. ಬಾಗ್ದಾದನ್ನ ಬಯ್ಯೋದು ಸುಲಭ, ಆ ಜಾಗದಲ್ಲಿ ಕೂತು ನಿರ್ಧಾರ ಮಾಡೋದು ಅಷ್ಟು ಸುಲಭ ಅಲ್ಲ.

ಶ್ರೀಲಂಕಾದ ಉತ್ತರದ ಕಿಳಿನೊಚ್ಚಿಯಲ್ಲೂ ಹೀಗೇ ಇತ್ತು. ತಮಿಳು ಹುಲಿಗಳ ಎಲ್‌ಟಿಟಿಇಗೆ ಅಲ್ಲಿ ತನ್ನದೇ ಪೊಲೀಸ್, ತನ್ನದೇ ಕೋರ್ಟು, ತನ್ನದೇ ಬ್ಯಾಂಕು. ಕೊಲಂಬೊ ಸರ್ಕಾರ 1996ರಲ್ಲಿ ಗಡಿಯಾರ ಮುಂದಕ್ಕೆ ತಿರುಗಿಸಿದ್ರೆ ಇವರು ಹಳೇ ಸಮಯಾನೇ ಇಟ್ಕೊಂಡ್ರು. ಆದ್ರೆ ಶಾಲೆ ಮೇಷ್ಟ್ರ, ಆಸ್ಪತ್ರೆ ಡಾಕ್ಟರ ಸಂಬಳ ಬರ್ತಿದ್ದದ್ದು ಅದೇ ಕೊಲಂಬೊದಿಂದ. ಖರ್ಚು ಎದುರಾಳಿಗೆ, ಅಧಿಕಾರ ತನಗೆ.

ಇಷ್ಟು ಕೇಳಿ "ಪರವಾಗಿಲ್ವೇ, ಶಿಸ್ತಿದೆ" ಅನ್ನೋರು ಇರ್ತಾರೆ. ಅವರ ಮಾತಿಗೆ ನನಗೆ ಮೈ ಉರಿಯುತ್ತೆ. ಕಿಳಿನೊಚ್ಚಿಯಿಂದ ಹೊರಗೆ ಹೋಗಬೇಕಾದ್ರೆ ಹುಲಿಗಳ ಪಾಸ್ ಬೇಕಿತ್ತು, ಕೊನೆಕೊನೆಗೆ ಮನೆಗೊಂದು ಮಗುವನ್ನ ಯುದ್ಧಕ್ಕೆ ಎಳ್ಕೊಂಡು ಹೋದ್ರು. ತೆರಿಗೆ ರಶೀದಿ, ಮದುವೆ ಪತ್ರಕ್ಕೆ ಮೊಹರು ಒತ್ತುತ್ತಿದ್ದ ಐಸಿಸ್ ಕೋರ್ಟುಗಳೇ ಅಲ್ಪಸಂಖ್ಯಾತ ಯಜೀದಿ ಸಮುದಾಯದ ಹೆಣ್ಣುಮಕ್ಕಳನ್ನ ಮಾರಿದ ಕರಾರಿಗೂ ಮೊಹರು ಒತ್ತಿದ್ವು. ಶಿಸ್ತು ಅಂದ್ರೆ ಇದೂ ಸೇರಿಯೇ. ಆ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ, ಆ ತೆರಿಗೆಗೆ ಲೆಕ್ಕ ಕೇಳೋ ಹಾಗಿಲ್ಲ.

ಸರಿ, ಸೇನೆ ಹೋಗಿ ನೆಲ ವಾಪಸ್ ತಗೊಂಡ್ರೆ ಮುಗೀತಾ? ಕೊಲಂಬಿಯಾ ನೋಡಿ. ಅಲ್ಲಿ ಕೊನೆಗೆ ನೆಲ ವಾಪಸ್ ಬರೋಕೆ ಯುದ್ಧ ಬೇಕಾಗಲಿಲ್ಲ. ಸರ್ಕಾರದ ಜೊತೆ 2016ರ ಶಾಂತಿ ಒಪ್ಪಂದ ಆದ ಮೇಲೆ ಫಾರ್ಕ್ ಬಂಡುಕೋರರು ತಾವಾಗಿ ಬಂದೂಕು ಇಳಿಸಿ ಕಾಡಿನಿಂದ ಹೊರಬಂದ್ರು. ಅವರಿದ್ದ ಕಡೆ ಕುಡಿದು ಬಡಿದಾಡಿದ್ರೆ ದಂಡ, ಕೊಕೇನ್ ತಯಾರಿಸೋ ಕೋಕಾ ಎಲೆ ವ್ಯಾಪಾರಕ್ಕೆ ತೆರಿಗೆ, ರಸ್ತೆ ಕೆಲಸಕ್ಕೆ ಊರಿನವರ ಸರದಿ, ಎಲ್ಲ ಅವರದೇ ಕಾನೂನು. ಅವರು ಖಾಲಿ ಮಾಡಿದ ಎಷ್ಟೋ ಕಡೆ ಸರ್ಕಾರದ ಜಡ್ಜು ಬರೋಕೆ ಮುಂಚೆ ಬೇರೆ ಬಂದೂಕಿನವರು ಬಂದು ಕೂತ್ರು.

ಮೊಸುಲ್‌ಗೆ ಸರ್ಕಾರ ಬಂತು, 2017ರಲ್ಲಿ, ಅರ್ಧ ಊರು ಪುಡಿಯಾದ ಮೇಲೆ. ಐಸಿಸ್ ಕಾಲದಲ್ಲಿ ಹುಟ್ಟಿದ ಮಕ್ಕಳ ಕೈಲಿದ್ದದ್ದು ಐಸಿಸ್ ಕೊಟ್ಟ ಜನನ ಪತ್ರ. ಇರಾಕ್ ಅದನ್ನ ಒಪ್ಪಲಿಲ್ಲ. ಒಪ್ಪೋದು ಹೇಗೆ, ಅದೂ ನಿಜ. ಆದ್ರೆ ಅದರ ಬದಲು ತನ್ನದೊಂದು ಪತ್ರ ಕೊಡೋದಕ್ಕೆ ಎಷ್ಟೋ ಮನೆಯವರನ್ನ ವರ್ಷಗಟ್ಟಲೆ ಕಚೇರಿಯಿಂದ ಕಚೇರಿಗೆ ಅಲೆಸಿತು. ಅಪ್ಪ ಆ ಗುಂಪಿನಲ್ಲಿದ್ದ ಅನ್ನೋ ಅನುಮಾನ ಇದ್ರಂತೂ ಮುಗಿದೇ ಹೋಯ್ತು. ಪತ್ರ ಇಲ್ಲದೆ ಶಾಲೆಗೆ ಸೇರಿಸೋದು ಕಷ್ಟ, ಸರ್ಕಾರದ ಸವಲತ್ತೂ ಕೈಗೆ ಬರಲ್ಲ. ಊರನ್ನ ಗೆಲ್ಲೋಕೆ ಒಂಬತ್ತು ತಿಂಗಳು ಬಾಂಬ್ ಸುರಿಸೋಕೆ ಆಗುತ್ತೆ ಅಂದ್ರೆ, ಒಂದು ಜನನ ಪತ್ರ ಬರೆದುಕೊಡೋಕೆ ಯಾಕೆ ಆಗಲ್ಲ?