ಮೊದಲು ಕೊನೆಗೌಡರನ್ನು ಕೇಳಿ

(ಸಹಕಾರಿ ಸಂಘದ ಸಭಾಭವನದಲ್ಲಿ ಕೊನೆಗೌಡರ ಸನ್ಮಾನದ ಸಂದರ್ಭದಲ್ಲಿ ಮಾಡಿದ ಉಪನ್ಯಾಸ)

ಅಧ್ಯಕ್ಷರೇ, ವೇದಿಕೆಯಲ್ಲಿರುವ ಹಿರಿಯರೇ, ಬೆಳೆಗಾರ ಬಂಧುಗಳೇ,

ಮಾತು ಆರಂಭಿಸುವ ಮೊದಲು ಒಂದು ವಿನಂತಿ. ಇಂದು ಸನ್ಮಾನ ಸ್ವೀಕರಿಸಬೇಕಾದ ಕೊನೆಗೌಡರು, ಅಂದರೆ ಅಡಿಕೆ ಮರ ಏರಿ ಕೊನೆ ಎಂಬ ಕಾಯಿಗೊಂಚಲನ್ನು ಇಳಿಸುವವರು, ಹಿಂದಿನ ಗೋಡೆಗೆ ಒರಗಿ ನಿಂತಿದ್ದಾರೆ. ಮುಂದಿನ ಸಾಲಿನ ಕುರ್ಚಿಗಳಲ್ಲಿ ನಾವು ಬೆಳೆಗಾರರು ಕುಳಿತಿದ್ದೇವೆ. ದಯವಿಟ್ಟು ಅವರಿಗೆ ಜಾಗ ಮಾಡಿಕೊಡಿ. ಅವರು ಬಂದು ಕುಳಿತ ಮೇಲೆ ಮಾತು ಮುಂದುವರಿಸುತ್ತೇನೆ. ಬನ್ನಿ, ಸಂಕೋಚ ಬೇಡ. ಸಂತೋಷ.

ಸಂಘದವರು ನನಗೆ ಕೊಟ್ಟ ವಿಷಯ ‘ಅಪರೂಪದ ವೃತ್ತಿಗಳು’. ಚಹಾ ಹೀರಿ, ಬಾಯಲ್ಲಿ ಆಡಿಸಿ, ಉಗುಳಿ ಅದರ ದರ್ಜೆ ಹೇಳುವವರಿದ್ದಾರೆ. ಕಾಫಿಗೂ ಅಂಥ ಪರಿಣತರಿದ್ದಾರೆ. ಕಾಫಿಯ ಗುಣಮಟ್ಟವನ್ನು ಅಳೆಯುವುದನ್ನು ಕಲಿಸಲು ಕಾಫಿ ಮಂಡಳಿ ಬೆಂಗಳೂರಿನಲ್ಲಿ ಸ್ನಾತಕೋತ್ತರ ಡಿಪ್ಲೊಮಾವನ್ನೇ ನಡೆಸುತ್ತದೆ. ಬಹಳ ಒಳ್ಳೆಯದು. ಆದರೆ ನಾಲಿಗೆಯ ತೀರ್ಪಿಗೆ ಪ್ರಮಾಣಪತ್ರ ಸಿಗುವುದಾದರೆ, ಐವತ್ತು ಅಡಿ ಮೇಲೆ, ಕಾಲಿಗೆ ಏರಲು ಹಿಡಿತ ಕೊಡುವ ತಳೆ ಹಾಕಿಕೊಂಡು, ಗಾಳಿಗೆ ತೂಗುವ ಮರವನ್ನು ಅಪ್ಪಿ ಹಿಡಿದು, ಕಣ್ಣಳತೆಯಲ್ಲಿ ಕೊಡುವ ತೀರ್ಪಿಗೆ ಏಕಿಲ್ಲ? ಹಾಗಾಗಿ ಉಳಿದ ವೃತ್ತಿಗಳನ್ನೆಲ್ಲ ಪಕ್ಕಕ್ಕಿಟ್ಟು, ನಮ್ಮ ಮನೆಯ ಹಿಂದೆಯೇ ನಡೆಯುವ ಈ ಒಂದು ವೃತ್ತಿಯ ಬಗ್ಗೆಯೇ ಮಾತನಾಡುತ್ತೇನೆ.

ಇಲ್ಲಿರುವ ಯಾರಿಗೂ ಅಡಿಕೆಯ ದರ್ಜೆಗಳನ್ನು ವಿವರಿಸಬೇಕಿಲ್ಲ. ಶಿವಮೊಗ್ಗದ ಮಾರುಕಟ್ಟೆಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ನಾಲ್ಕು ಬೆಲೆಗೆ ಹೋಗುವುದು ಒಂದೇ ಜಾತಿಯ ಮರದ ಕಾಯಿ. ಬೆಲೆಯ ವ್ಯತ್ಯಾಸ ಹುಟ್ಟುವುದು ಅದು ಎಷ್ಟು ಬಲಿತಾಗ ಮರದಿಂದ ಇಳಿಯಿತು ಎಂಬುದರಲ್ಲಿ. ಒಂದು ಮರದ ಮೂರು ಕೊನೆಗಳು ಒಂದೇ ದಿನ ಹದಕ್ಕೆ ಬರುವುದಿಲ್ಲ. ಎಳೆಯದನ್ನು ಇಳಿಸಿದರೆ ತೂಕ ಬರುವುದಿಲ್ಲ; ಬಲಿಯಲು ಬಿಟ್ಟರೆ ದರ್ಜೆ ಕೆಳಗಿಳಿಯುತ್ತದೆ. ಹಸಿ ಕಾಯಿ ಸುಲಿದು ಬೇಯಿಸಿ ಕೆಂಪಡಿಕೆ ಮಾಡುವವರು ಒಂದೇ ತೋಟವನ್ನು ಮೂರು ನಾಲ್ಕು ಸಲ ಕೊಯ್ಲು ಮಾಡಿಸುವುದು ಇದೇ ಕಾರಣಕ್ಕೆ. ಯಾವ ಕೊನೆ ಇವತ್ತು, ಯಾವುದು ಮುಂದಿನ ಸುತ್ತಿಗೆ ಎಂಬುದನ್ನು ನಿರ್ಧರಿಸುವವರು ಯಾರು? ನಾವು ಕೆಳಗೆ ನಿಂತು, ಕತ್ತು ಎತ್ತಿ, ‘ಆ ಕೊನೆ ಬಲಿತಿದೆ ನೋಡು’ ಎಂದು ಕೂಗುತ್ತೇವೆ. ಸೋಗೆಯ, ಅಂದರೆ ಅಡಿಕೆ ಗರಿಯ, ಮರೆಯಲ್ಲಿ ನಮಗೆ ಕಾಣುವುದು ಕೊನೆಯ ಬೆನ್ನು ಮಾತ್ರ. ಅವರು ಒಂದು ಕಾಯಿಯನ್ನು ಕತ್ತಿಯಿಂದ ಸೀಳಿ ನೋಡಿ, ಕೊಯ್ಯುವುದೋ ಬಿಡುವುದೋ ಎಂದು ಅಲ್ಲೇ ತೀರ್ಮಾನಿಸುತ್ತಾರೆ. ನಮ್ಮ ವರ್ಷದ ಆದಾಯ ಆ ಕ್ಷಣದಲ್ಲಿ ನಿಶ್ಚಯವಾಗುತ್ತದೆ.

ಕೊಯ್ದ ಕೊನೆಯನ್ನು ಹಗ್ಗದ ಮೇಲೆ ಜಾರಿಸಿ, ಕೆಳಗೆ ನೇಣು, ಅಂದರೆ ಆ ಹಗ್ಗದ ತುದಿ, ಹಿಡಿದವರ ಕೈಗೆ ಕಾಯಿ ಚೆಲ್ಲದಂತೆ ಮುಟ್ಟಿಸಬೇಕು. ಆಮೇಲೆ ದಾಟುವುದು. ತಾನು ಕುಳಿತ ಮರವನ್ನು ತೂಗಿಸಿ, ಪಕ್ಕದ ಮರವನ್ನು ಕೈಗೆ ತೆಗೆದುಕೊಂಡು, ಇಡೀ ಮೈಯನ್ನು ಅಲ್ಲಿಗೆ ಸಾಗಿಸುವುದು. ಇದನ್ನು ನೋಡಿ ಪೇಟೆಯಿಂದ ಬಂದ ನೆಂಟರು ಬೆರಗಾಗುತ್ತಾರೆ, ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ. ಬೆರಗು ಸಹಜ. ಆದರೆ ನನ್ನ ಗೌರವ ಆ ಧೈರ್ಯಕ್ಕಿಂತ ಅದಕ್ಕೆ ಮೊದಲು ನಡೆಯುವ ಪರೀಕ್ಷೆಗೆ ಸಲ್ಲುತ್ತದೆ. ಯಾವ ಮರ ಬಾಗುತ್ತದೆ, ಯಾವುದು ಮುರಿಯುತ್ತದೆ? ಬುಡಕ್ಕೆ ಅಣಬೆ ರೋಗ ತಗಲಿದೆಯೇ, ನೈಋತ್ಯದ ಬಿಸಿಲು ಹೊಡೆದು ಕಾಂಡ ಸೀಳಿದೆಯೇ, ಮರಕುಟಿಗ ತೂತು ಮಾಡಿದೆಯೇ? ಬುಡದಲ್ಲಿ ನಿಂತು ಒಮ್ಮೆ ತಟ್ಟಿ, ಸದ್ದು ಕೇಳಿ, ತಲೆಯಾಡಿಸಿ ಪಕ್ಕದ ಮರಕ್ಕೆ ಹೋಗುವುದನ್ನು ನೀವೆಲ್ಲ ನೋಡಿದ್ದೀರಿ. ಆ ತಲೆಯಾಡಿಸುವುದರಲ್ಲಿ ಒಂದು ಜೀವ ಉಳಿದಿರುತ್ತದೆ.

ಒಂದು ಲೆಕ್ಕ ಹೇಳುತ್ತೇನೆ. 2.7 ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಮರ. ಎರಡು ಎಕರೆ ತೋಟಕ್ಕೆ 1,100. ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಔಷಧಿ ಎರಡು ಸುತ್ತು, ಕೊಯ್ಲು ಮೂರು ಸುತ್ತು ಎಂದು ಹಿಡಿಯಿರಿ. ಒಂದೇ ವರ್ಷದಲ್ಲಿ ಸುಮಾರು 5,500 ಬಾರಿ ಒಬ್ಬ ಮನುಷ್ಯ ನಮ್ಮ ಮರಗಳ ತಲೆಯನ್ನು ಕೈಯಳತೆಯಲ್ಲಿ ನೋಡುತ್ತಾನೆ. ತೋಟದ ಮಾಲೀಕ ಎಷ್ಟು ಬಾರಿ ನೋಡುತ್ತಾನೆ? ತೋಟಗಾರಿಕೆ ಇಲಾಖೆಯ ಅಧಿಕಾರಿ? ವಿಜ್ಞಾನಿ? ಅವರೆಲ್ಲ ನೋಡುವುದು ಬುಡವನ್ನು, ಉದುರಿದ ಕಾಯಿಯನ್ನು, ಬಿದ್ದ ಸೋಗೆಯನ್ನು. ಸಂಜೆ ಲೆಕ್ಕ ಮಾಡುವಾಗ ನಾವು ಕೊನೆಗೌಡರನ್ನು ‘ಎಷ್ಟು ಕೊನೆ ಆಯಿತು?’ ಎಂದು ಕೇಳುತ್ತೇವೆ. ‘ಮೇಲೆ ಏನು ಕಂಡಿರಿ?’ ಎಂದು ಕೇಳುವುದಿಲ್ಲ. ನಾನು ಇವತ್ತು ಹೇಳಲು ಬಂದಿರುವುದು ಇದನ್ನೇ. ಎರಡು ಮೂರು ಸಲ ಹೇಳಿದರೆ ಬೇಸರಿಸಬೇಡಿ.

ನಮ್ಮ ತೋಟಕ್ಕೆ ಬರುತ್ತಿದ್ದ ಹಿರಿಯ ಕೊನೆಗೌಡರೊಬ್ಬರ ವಿಷಯ ಹೇಳಲೇಬೇಕು. ಅವರು ಮರದ ಮೇಲಿದ್ದರೆ ಊರಿನ ಸುದ್ದಿಯೆಲ್ಲ ನಮ್ಮ ಮನೆಗೆ ಮೊದಲು ತಲುಪುತ್ತಿತ್ತು. ‘ಹೆಗಡೆಯವರೇ, ಗದ್ದೆಯ ಏರಿಯ ಮೇಲೆ ಇಬ್ಬರು ಬರುತ್ತಿದ್ದಾರೆ. ಕೈಯಲ್ಲಿ ದೊಡ್ಡ ಚೀಲ ಇದೆ. ಉಳಿಯುವ ನೆಂಟರು’ ಎಂದು ಮೇಲಿನಿಂದ ಕೂಗುತ್ತಿದ್ದರು. ನೆಂಟರು ದಣಪೆ ದಾಟುವ ಹೊತ್ತಿಗೆ ಅಮ್ಮ ಅನ್ನಕ್ಕೆ ಅಕ್ಕಿ ಹೆಚ್ಚು ಹಾಕಿ ಆಗಿರುತ್ತಿತ್ತು. ಬಂದವರಿಗೆ ಆಶ್ಚರ್ಯ, ನಮಗೆ ನಗು.

ಒಂದು ವರ್ಷ ಮೃಗಶಿರಾ ಮಳೆ ಹಿಡಿದದ್ದು ಪುನರ್ವಸುವಿನವರೆಗೆ ಬಿಡಲಿಲ್ಲ. ಮೊದಲ ಔಷಧಿ ಮಳೆಗೆ ಮುಂಚೆ ಆಗಿತ್ತು. ನಲವತ್ತು ನಲವತ್ತೈದು ದಿನಕ್ಕೆ ಎರಡನೆಯದು ಆಗಬೇಕು, ಆಕಾಶ ಬಿಡುತ್ತಿಲ್ಲ. ಕೊನೆಗೊಂದು ಬೆಳಿಗ್ಗೆ ಮಳೆ ನಿಂತು ಹೊಳವಾಯಿತು. ಅಪ್ಪಯ್ಯ ಗಡಿಬಿಡಿಯಿಂದ ಬೋರ್ಡೋ ದ್ರಾವಣ ಮಾಡಿಸಿದರು. ಗೊತ್ತಲ್ಲ: ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಹೊಯ್ಯಬೇಕು, ಉಜ್ಜಿ ತೊಳೆದ ಕತ್ತಿಯನ್ನು ಅದ್ದಿ, ಅಲಗಿಗೆ ಕೆಂಪು ಅಂಟಿದರೆ ಇನ್ನಷ್ಟು ಸುಣ್ಣ. ಎಲ್ಲ ಆಯಿತು. ‘ಮನೆಯ ಹತ್ತಿರದ ಮೇಲಿನ ತೋಟದಿಂದ ಶುರು ಮಾಡು’ ಎಂದರು ಅಪ್ಪಯ್ಯ.

ಗೌಡರು ಏನೂ ಹೇಳದೆ ಕೆಳಗಿನ ತೋಟದ ಹಳ್ಳದ ಬದಿಗೆ ನಡೆದರು. ಪೈಪು ಒಯ್ಯಲಿಲ್ಲ. ತಳೆ ಹಾಕಿ, ಪಾಚಿಗಟ್ಟಿದ ಮರ ಏರಿ, ನಾಲ್ಕೈದು ಮರ ದಾಟಿ ಇಳಿದು ಬಂದರು. ಅಪ್ಪಯ್ಯನಿಗೆ ಸಿಟ್ಟು. ಹೊಳವು ಎಷ್ಟು ಹೊತ್ತು ಇರುತ್ತದೋ ಎಂಬ ಆತಂಕ. ಗೌಡರು ಸೊಂಟದ ಪಂಚೆಯಿಂದ ನಾಲ್ಕು ಹಸಿರು ಕಾಯಿ ತೆಗೆದು ಅವರ ಅಂಗೈಗೆ ಹಾಕಿದರು. ತೊಟ್ಟಿನ ಹತ್ತಿರ, ಒದ್ದೆ ಬೆರಳು ಒತ್ತಿದ ಹಾಗೆ, ಕಡುಹಸಿರು ಕಲೆ. ನೋಡದವರಿಗೆ ಅದು ಕಲೆ ಎಂದೇ ತಿಳಿಯುವುದಿಲ್ಲ. ‘ಒಂದು ಕಾಯಿಯೂ ಉದುರಿಲ್ಲವಲ್ಲ ಗೌಡಾ?’ ಎಂದರು ಅಪ್ಪಯ್ಯ.

‘ಉದುರಿದ ಮೇಲೆ ನಿಮಗೂ ಕಾಣುತ್ತದೆ ಹೆಗಡೆಯವರೇ. ನನಗೆ ಈಗಲೇ ಕಂಡಿದೆ. ಹಳ್ಳದ ಬದಿಯಲ್ಲಿ ಗಾಳಿ ಆಡುವುದಿಲ್ಲ, ಕೊನೆ ಒಣಗುವುದಿಲ್ಲ. ಅಲ್ಲಿಂದ ಶುರು ಮಾಡಿ ಮೇಲಕ್ಕೆ ಬರೋಣ.’

ಹಾಗೇ ಆಯಿತು. ಕಲೆ ಕಂಡ ಕೊನೆಗಳನ್ನು ಮೊದಲು ಇಳಿಸಿದರು. ಎಸೆಯಲು ಬಿಡಲಿಲ್ಲ, ಹಗ್ಗದಲ್ಲೇ ಇಳಿಸಿ ತೋಟದ ಹೊರಗೆ ಒಯ್ಯಿಸಿದರು. ಆಮೇಲೆ ಔಷಧಿ. ಕತ್ತಲಾಗುವವರೆಗೆ ಕೆಳಗಿನ ತೋಟ ಮುಗಿಯಿತು, ಮರುದಿನ ಮಧ್ಯಾಹ್ನದವರೆಗೆ ಮೇಲಿನದು. ಅಷ್ಟರಲ್ಲಿ ಮತ್ತೆ ಮಳೆ ಹಿಡಿಯಿತು. ಹಳ್ಳದ ಬದಿಯ ಒಂದು ಸಾಲು ಹೋಯಿತು, ತೋಟ ಉಳಿಯಿತು. ಆ ವರ್ಷ ಸುತ್ತಲಿನ ಎಷ್ಟೋ ತೋಟಗಳಲ್ಲಿ ಕಾಯಿ ಉದುರಿ, ನೆಲದ ಮೇಲೆ ಬಿಳಿ ಬೂಸು ಹಿಡಿದು ಕೊಳೆಯಿತು. ಅಂದಿನಿಂದ ಅಪ್ಪಯ್ಯ ಔಷಧಿ ಹೊಡೆಸುವ ಮೊದಲು ಗೌಡರಿಗೆ ಎಲೆ ಅಡಿಕೆಯ ಕವಳದ ಬಟ್ಟಲು ಕೊಟ್ಟು, ಜಗುಲಿಯಲ್ಲಿ ಕೂರಿಸಿ ಕೇಳುತ್ತಿದ್ದರು.

ನಮ್ಮ ಇತಿಹಾಸದಲ್ಲೂ ಇದೇ ಇದೆ. ಕೊಳೆರೋಗಕ್ಕೆ ಮದ್ದು ತೋರಿಸಿದವರೆಂದು ನಾವು ಕೋಲ್‌ಮನ್ ಅವರನ್ನು ಕೃತಜ್ಞತೆಯಿಂದ ನೆನೆಯುತ್ತೇವೆ, ನೆನೆಯಲೇಬೇಕು. ಕೆನಡಾದ ಲೆಸ್ಲಿ ಕೋಲ್‌ಮನ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು, ಮಲೆನಾಡಿನ ತೋಟಗಳಲ್ಲಿ ಕೊಳೆರೋಗವನ್ನು ಅಧ್ಯಯನ ಮಾಡಿದರು, 1910ರಲ್ಲಿ ಅದರ ಬಗ್ಗೆ ವರದಿ ಪ್ರಕಟಿಸಿದರು. ಅವರು ಸೂಚಿಸಿದ ಬೋರ್ಡೋ ದ್ರಾವಣ ಫ್ರಾನ್ಸಿನ ದ್ರಾಕ್ಷಿ ತೋಟಗಳಿಂದ ಬಂದದ್ದು. 1885ರ ಸುಮಾರಿಗೆ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಅದನ್ನು ಲೋಕಕ್ಕೆ ತಿಳಿಸಿದರು. ಆದರೆ ಯೋಚಿಸಿ, ದ್ರಾಕ್ಷಿ ಬಳ್ಳಿ ಎದೆಯೆತ್ತರ. ಅಡಿಕೆ ಐವತ್ತು ಅಡಿ, ಅದೂ ಆಷಾಢದ ಮಳೆಯಲ್ಲಿ. ಮದ್ದು ಫ್ರಾನ್ಸಿನಿಂದ ಬರಬಹುದು. ಅದನ್ನು ಪ್ರತಿ ಕೊನೆಯ ಪ್ರತಿ ಕಾಯಿಗೆ ತಲುಪಿಸುವ ಬಗೆ ಫ್ರಾನ್ಸಿನಲ್ಲಿ ಇರಲಿಲ್ಲ. ಅದು ಇದ್ದದ್ದು ಇಲ್ಲಿ, ಅದಕ್ಕೂ ಮೊದಲು ಒಂದೊಂದು ಕೊನೆಗೂ ಕೊಟ್ಟೆ ಎಂಬ ಹೊದಿಕೆ ಕಟ್ಟಿ ಮಳೆಯಿಂದ ಕಾಯುತ್ತಿದ್ದ ಜನರ ಕೈಕಾಲುಗಳಲ್ಲಿ. ಒಂದು ಮರದಲ್ಲಿ ಕುಳಿತು ಸುತ್ತಲಿನ ಮರಗಳಿಗೂ ಹೊಡೆಯುವುದು, ಗಾಳಿಯ ದಿಕ್ಕು ನೋಡಿ ತಿರುಗುವುದು, ಕೊನೆಯ ಒಳಮೈ ತೋಯುವಂತೆ ನಳಿಗೆ ಹಿಡಿಯುವುದು, ಇದನ್ನೆಲ್ಲ ರೂಪಿಸಿದವರ ಹೆಸರು ಯಾವ ವರದಿಯಲ್ಲೂ ಸಿಗುವುದಿಲ್ಲ.

ಈಗಿನ ಮಾತಿಗೆ ಬರುತ್ತೇನೆ. ಎಲೆಚುಕ್ಕಿ ರೋಗ ಮಲೆನಾಡನ್ನು ಹಬ್ಬಿದೆ. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗ ತೋಟಗಳನ್ನೇ ಖಾಲಿ ಮಾಡಿದೆ. ಹಿಂಗಾರ, ಅಂದರೆ ಅಡಿಕೆಯ ಹೂಗೊಂಚಲು, ಒಣಗುತ್ತದೆ; ಮಿಳ್ಳೆ, ಅಂದರೆ ಎಳೆಗಾಯಿ, ಉದುರುತ್ತದೆ. ಸಭೆ ಕರೆಯುತ್ತೇವೆ, ವಿಜ್ಞಾನಿಗಳನ್ನು ಕರೆಸುತ್ತೇವೆ, ಮನವಿ ಬರೆಯುತ್ತೇವೆ. ಇವೆಲ್ಲ ಬೇಕು. ಆದರೆ ಚುಕ್ಕಿ ಕೆಳಗಿನ ಸೋಗೆಯಲ್ಲೇ ಇದೆಯೇ, ಸುಳಿಯ ಹತ್ತಿರದ ಸೋಗೆಗೂ ಏರಿದೆಯೇ, ಕಾಯಿಯ ಮೇಲೂ ಕಾಣುತ್ತಿದೆಯೇ? ತೋಟದ ಯಾವ ಮೂಲೆಯಿಂದ ಶುರುವಾಯಿತು? ಕಳೆದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ? ಇದಕ್ಕೆ ಉತ್ತರ ಗೊತ್ತಿರುವವರು ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರು ಒಂದು ತೋಟವನ್ನಷ್ಟೇ ನೋಡುವವರಲ್ಲ, ಊರಿನ ಹತ್ತಾರು ತೋಟಗಳ ತಲೆ ಕಂಡವರು. ಪ್ರತಿ ತೋಟಕ್ಕೆ ಒಂದು ಪುಸ್ತಕ ಇಡಿ. ಸಾಲಿಗೆ ಸಂಖ್ಯೆ ಕೊಡಿ. ಸಂಜೆ ಚಹಾ ಕೊಡುವಾಗ ಮೇಲೆ ಏನು ಕಂಡಿರಿ ಎಂದು ಕೇಳಿ, ಅವರು ಹೇಳಿದ್ದನ್ನು ಅವರ ಎದುರೇ ಬರೆಯಿರಿ. ಐದು ವರ್ಷ ಹೀಗೆ ಬರೆದ ಪುಸ್ತಕಗಳು ವಿಟ್ಲದ ಸಂಶೋಧನಾ ಕೇಂದ್ರದವರ ಕೈಗೆ ಸಿಕ್ಕರೆ ಅವರು ಎಷ್ಟು ಸಂತೋಷಪಟ್ಟಾರು!

ಹಾಗಾದರೆ ಕಾರ್ಬನ್ ಫೈಬರ್ ದೋಟಿ, ಆ ಉದ್ದನೆಯ ಕೊಯ್ಲಿನ ಕೋಲು, ಬೇಡವೇ ಎಂದು ಕೇಳುವವರಿದ್ದಾರೆ. ಖಂಡಿತ ಬೇಕು. ನೆಲದ ಮೇಲೆ ನಿಂತು ಕೊನೆ ಇಳಿಸುವುದಾದರೆ, ಔಷಧಿ ಹೊಡೆಯುವುದಾದರೆ, ಬೀಳುವ ಭಯವಿಲ್ಲ. ಅದಕ್ಕಿಂತ ದೊಡ್ಡ ಮಾತೇನಿದೆ? ಬಂಟ್ವಾಳದ ಕಡೆಯ ಕೃಷಿಕರೊಬ್ಬರು ಮರ ಏರುವ ಯಂತ್ರವನ್ನೇ ರೂಪಿಸಿದ್ದಾರೆ. ಅದಕ್ಕೂ ನನ್ನ ನಮಸ್ಕಾರ. ನಾನು ಹೇಳುವುದಿಷ್ಟೆ: ದೋಟಿಯ ತುದಿಗೆ ಕತ್ತಿ ಇದೆ, ಕಣ್ಣಿಲ್ಲ. ತೋಟದಲ್ಲಿ ಎಲ್ಲ ಕೆಲಸವೂ ದೋಟಿಗೆ ಹೋದ ದಿನ ಮರದ ತಲೆಯ ಸಮಾಚಾರ ತರುವವರೇ ಇರುವುದಿಲ್ಲ. ದೋಟಿ ಹಿಡಿಯುವವರೂ ಇದೇ ಕೊನೆಗೌಡರ ಬಳಿ ಹದ ನೋಡುವುದನ್ನು ಕಲಿಯಲಿ. ಕೆಲವು ಮರಗಳನ್ನಾದರೂ ಏರಿ ನೋಡುವ ಪದ್ಧತಿ ಉಳಿಯಲಿ.

ಅಧ್ಯಕ್ಷರು ಚೀಟಿ ಕಳುಹಿಸಿದ್ದಾರೆ. ಕೊನೆಗೌಡರ ಮಕ್ಕಳು, ಮದುವೆಯ ಸಮಸ್ಯೆ, ಕೊಯ್ಲು ಕಳೆದ ಮೇಲಿನ ಕೆಲಸವಿಲ್ಲದ ದಿನಗಳು ಎಂದೆಲ್ಲ ಬರೆದುಕೊಂಡು ಬಂದಿದ್ದೆ. ಅವಕ್ಕೆ ಇನ್ನೊಂದು ಸಭೆಯೇ ಬೇಕು. ವಿಮೆಯ ವಿಷಯ ಮಾತ್ರ ಬಿಡಲಾರೆ.

ಮರದಿಂದ ಬಿದ್ದು ಬೆನ್ನುಮೂಳೆ ಮುರಿದು ಹಾಸಿಗೆ ಹಿಡಿದ ಒಬ್ಬರಾದರೂ ಇಲ್ಲದ ಊರು ನಮ್ಮ ಕಡೆ ಅಪರೂಪ. ಮೊದಲ ತಿಂಗಳು ಎಲ್ಲರೂ ಹೋಗಿ ನೋಡಿ ಬರುತ್ತೇವೆ, ಕೈಲಾದದ್ದು ಕೊಡುತ್ತೇವೆ. ಆಮೇಲೆ ಆ ಮನೆಯ ಹೆಂಗಸರ ಪಾಡು ಅವರಿಗೇ. ತೆಂಗಿನ ವಿಷಯದಲ್ಲಿ ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಮರ ಏರುವವರಿಗೆ ತರಬೇತಿ ಆರಂಭಿಸಿತು, ಮಹಿಳೆಯರೂ ಕಲಿತರು. ‘ಕೇರ ಸುರಕ್ಷಾ’ ಎಂಬ ಅಪಘಾತ ವಿಮೆಯನ್ನೂ ತಂದಿತು. ಅಡಿಕೆಯವರು ಸಂಘಟನೆಯಲ್ಲಿ ಯಾರಿಗೂ ಕಡಿಮೆಯವರಲ್ಲ. 1923ರಲ್ಲೇ ಶಿರಸಿಯಲ್ಲಿ ತೋಟಗಾರರ ಮಾರಾಟ ಸಂಘ ಕಟ್ಟಿದವರು, 1973ರಲ್ಲಿ ಮಂಗಳೂರಿನಲ್ಲಿ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊ ಕಟ್ಟಿದವರು. ಬೆಲೆಗಾಗಿ ಒಗ್ಗೂಡಲು ಬಂದವರಿಗೆ ಇದಕ್ಕಾಗಿ ಒಗ್ಗೂಡಲು ಬಾರದೇ?

ನನ್ನ ಸೂಚನೆ ಇದು. ಸಂಘದ ಮೂಲಕ ಮಾರಾಟವಾಗುವ ಪ್ರತಿ ಕ್ವಿಂಟಾಲ್ ಅಡಿಕೆಯಿಂದ ಒಂದು ಸಣ್ಣ ಮೊತ್ತವನ್ನು ಕೊನೆಗೌಡರ ನಿಧಿಗೆ ಮುರಿದುಕೊಳ್ಳಬೇಕು. ಸಂಘದ ವ್ಯಾಪ್ತಿಯ ಪ್ರತಿಯೊಬ್ಬ ಕೊನೆಗೌಡರ, ನೇಣು ಹಿಡಿಯುವವರ ವಿಮೆಯ ಕಂತನ್ನು ಆ ನಿಧಿಯೇ ಕಟ್ಟಬೇಕು. ಯಾರ ತೋಟದಲ್ಲಿ ಬಿದ್ದರು ಎಂಬ ಪ್ರಶ್ನೆ ಬರಬಾರದು. ನಿಧಿಯ ಸಮಿತಿಯಲ್ಲಿ ಅರ್ಧದಷ್ಟು ಕೊನೆಗೌಡರೇ ಇರಬೇಕು. ಠರಾವಿನ ಕರಡನ್ನು ಕಾರ್ಯದರ್ಶಿಗಳ ಕೈಗೆ ಕೊಟ್ಟಿದ್ದೇನೆ. ಮುಂದಿನ ವಾರ್ಷಿಕ ಸಭೆಗೆ ಎಂದು ಮುಂದೂಡದೆ, ಸನ್ಮಾನ ಮುಗಿದ ಕೂಡಲೇ ಇಲ್ಲೇ ಓದಿಸಿ, ಅಧ್ಯಕ್ಷರೇ. ಸದಸ್ಯರೆಲ್ಲ ಇದ್ದಾರೆ, ಕೋರಂ ಇದೆ. ನಮಸ್ಕಾರ.