ಗೋಪುರ ಬಿದ್ದರೆ ಸೋತವರು ಯಾರು?

ಎಲ್ಲರಿಗೂ ನಮಸ್ಕಾರ. ಮೊಮ್ಮಕ್ಕಳ ಕೈ ಹಿಡಿದು ಬಂದಿರುವ ಹಿರಿಯರಿಗೆ ಇನ್ನೊಂದು ನಮಸ್ಕಾರ. ಇವತ್ತಿನ ಮಾತು ಮುಖ್ಯವಾಗಿ ನಿಮಗೇ.

ಜೆಂಗಾ ನಿಮಗೆಲ್ಲ ಗೊತ್ತಿರುವ ಆಟ. 54 ಮರದ ತುಂಡು, ಸಾಲಿಗೆ ಮೂರರಂತೆ 18 ಸಾಲು. ಕೆಳಗಿನದನ್ನು ಎಳೆದು ಮೇಲಿಡೋದು. ಲೆಸ್ಲಿ ಸ್ಕಾಟ್ ಎಂಬಾಕೆಯ ಮನೆಯವರು ಘಾನಾದಲ್ಲಿದ್ದಾಗ ಮರದ ತುಂಡು ಪೇರಿಸಿ ಆಡುತ್ತಿದ್ದ ಆಟ ಇದು. 1983ರಲ್ಲಿ ಆಕೆ ಇದನ್ನು ಲಂಡನ್ನಿನ ಆಟಿಕೆ ಮೇಳಕ್ಕೆ ತಂದರು. ಹೆಸರು ಸ್ವಾಹಿಲಿಯದು, ಅರ್ಥ ‘ಕಟ್ಟು’. ನೋಡಿ, ಹೆಸರು ಕಟ್ಟು ಅನ್ನುತ್ತೆ, ನಾವು ಲೆಕ್ಕ ಇಡೋದು ಮಾತ್ರ ಬೀಳಿಸಿದವರದ್ದು. ನನ್ನ ತಕರಾರು ಇದೊಂದೇ.

ನಮ್ಮ ಮನೆಯ ಕಥೆ ಹೇಳ್ತೀನಿ. ನಮ್ಮ ತಂದೆಯವರಿಗೆ 78 ವರ್ಷ. ಕೈ ನಡುಗುತ್ತೆ, ಕಾಫಿಯನ್ನು ಅರ್ಧ ಲೋಟವೇ ಕೊಡ್ತೀವಿ. ದಸರಾ ರಜೆಯಲ್ಲಿ ಎಲ್ಲರೂ ಆಡೋಕೆ ಕೂತೆವು. ಮೂರನೇ ಸುತ್ತಿಗೇ ಗೋಪುರ ಅವರ ಕೈಯಲ್ಲಿ ಬಿತ್ತು. ಮಕ್ಕಳು ಖುಷಿಗೆ ‘ತಾತ ಔಟ್!’ ಅಂತ ಕೂಗಿದವು. ಅಪ್ಪ ನಕ್ಕರು, ಪೇಪರ್ ತಗೊಂಡು ಜಗಲಿಗೆ ಹೋದರು. ಮತ್ತೆ ಕರೆದರೆ, ‘ನೀವಾಡಿ, ನಾನು ನೋಡ್ತಿರ್ತೀನಿ’. ಈ ಮಾತು ನಿಮ್ಮ ಮನೆಯಲ್ಲೂ ಕೇಳಿರ್ತೀರಿ.

ಮಾರನೇ ದಿನ ನಿಯಮವನ್ನೇ ಬದಲಾಯಿಸಿದೆವು. ಯಾರೂ ಔಟ್ ಇಲ್ಲ. ಎಲ್ಲರೂ ಸೇರಿ 18ರ ಮೇಲೆ ಎಷ್ಟು ಸಾಲು ಏರಿಸ್ತೀವಿ, ಅಷ್ಟೇ ಲೆಕ್ಕ. ಮೂಲ ಆಟದಲ್ಲಿ ಒಂದೇ ಕೈ ಬಳಸಬೇಕು. ನಮ್ಮಲ್ಲಿ ಎರಡು ಕೈ, ಆದರೆ ಒಬ್ಬೊಬ್ಬರದು ಒಂದೊಂದು. ಏಳು ವರ್ಷದ ಮಗಳು ಹೋಗಿ, ‘ತಾತ, ಯಾವುದು ಅಂತ ನೀನು ಹೇಳು, ನಾನು ತಳ್ತೀನಿ’ ಅಂದಳು.

ಅಪ್ಪ ಕನ್ನಡಕ ಏರಿಸಿಕೊಂಡು, ಬಗ್ಗಿ, ಒಂದೊಂದೇ ತುಂಡನ್ನು ಉಗುರಲ್ಲಿ ಮೆಲ್ಲಗೆ ಒತ್ತಿ ನೋಡಿದರು. ಆ ತುಂಡುಗಳೆಲ್ಲ ಒಂದೇ ಅಳತೆ ಅಲ್ಲ, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇರುತ್ತೆ. ದಪ್ಪದ್ದರ ಮೇಲೆ ಭಾರ ಕೂರುತ್ತೆ, ತೆಳುವಾದದ್ದು ಸಡಿಲ ಇರುತ್ತೆ. ‘ಇದು ಭಾರ ಹೊತ್ತಿದೆ, ಮುಟ್ಟಬೇಡ. ಇದು ಸುಮ್ನೆ ಕೂತಿದೆ ನೋಡು, ಇದನ್ನ ತಳ್ಳು ಪುಟ್ಟಿ.’ ಹಾಗೇ ಎಂಟು ಸಾಲು ಏರಿತು. ಬಿದ್ದದ್ದು ಮಗಳ ಕೈಯಲ್ಲಿ. ಅವಳ ಮುಖ ಸಪ್ಪೆ ಆಗೋದರೊಳಗೆ ಅಪ್ಪನೇ, ‘ಎಂಟು! ಬರ್ಕೊಳ್ಳಿ, ಎಂಟು!’ ಅಂತ ಕೂಗಿದರು.

ಚೀಟಿ ಬಂತು, ಐದೇ ನಿಮಿಷ ಅಂತೆ. ಲಗೋರಿ ಬಗ್ಗೆ ಬಹಳ ಹೇಳಬೇಕು ಅಂದುಕೊಂಡಿದ್ದೆ. ಅಲ್ಲೂ ಚೆಂಡಿನೇಟು ತಪ್ಪಿಸಿಕೊಂಡು ಒಬ್ಬ ಎರಡು ಕಲ್ಲು ಇಟ್ಟು ಓಡಿದರೆ, ಇನ್ನೊಬ್ಬ ಮೂರು ಇಡ್ತಾನೆ. ಏಳು ಕಲ್ಲು ಇಡೀ ತಂಡದ್ದು. ಆದರೆ ಮಂಡಿನೋವಿನವರು ಓಡೋದು ಹೇಗೆ? ಅದಕ್ಕೇ ಮೇಜಿನ ಆಟ.

ಒಂದನ್ನಂತೂ ಹೇಳಲೇಬೇಕು. 2018ರಲ್ಲಿ ಜರ್ಮನಿಯಿಂದ ‘ಮೆನಾರಾ’ ಅಂತ ಆಟ ಬಂತು. ಎಲ್ಲರೂ ಸೇರಿ ಕಂಬ ನಿಲ್ಲಿಸಿ, ಹಲಗೆ ಹಾಸಿ, ದೇವಾಲಯ ಕಟ್ಟಬೇಕು. ಕಾರ್ಡಿನಲ್ಲಿ ಬಂದ ಕೆಲಸ ಮಾಡೋಕಾಗದಿದ್ದರೆ ಯಾರೂ ಹೊರಗೆ ಹೋಗೋದಿಲ್ಲ, ಕಟ್ಟಬೇಕಾದ ಮಹಡಿ ಒಂದು ಹೆಚ್ಚಾಗುತ್ತೆ. ತಪ್ಪಿದರೆ ಇನ್ನಷ್ಟು ಕಟ್ಟು! ಇದು ಸರಿಯಾದ ನಿಯಮ.

ಊರಿನ ಬಡಗಿ ಹತ್ತಿರ ತುಂಡು ಮಾಡಿಸುವವರಿಗೆ ಒಂದು ಕಿವಿಮಾತು: ಎಲ್ಲವನ್ನೂ ಒಂದೇ ಸಮ ಉಜ್ಜಿಸಬೇಡಿ, ಯಾವುದೂ ಸಡಿಲ ಬರೋದಿಲ್ಲ. ಹಿಂದಿನ ಮೇಜಿನ ಮೇಲೆ ಒಂದು ಸೆಟ್ ಜೋಡಿಸಿಟ್ಟಿದ್ದೀವಿ. ಅಪ್ಪ ಆಗಲೇ ಅಲ್ಲಿ ಹೋಗಿ ಕೂತಿದ್ದಾರೆ. ತಳ್ಳೋಕೆ ಮಕ್ಕಳನ್ನ ಕಳಿಸಿ.