ಕೋಡಿಬೆಂಗ್ರೆ: ಭರತ, ಇಳಿತ ನೋಡಿ ಹೊರಡಿ

ಕೇಳುಗರಿಗೆ ನಮಸ್ಕಾರ. ಉಡುಪಿಯ ಮಲ್ಪೆಯಿಂದ ಉತ್ತರಕ್ಕೆ ಹೊರಟು ಹೂಡೆ ದಾಟಿದರೆ ನೆಲ ಸಪೂರವಾಗುತ್ತಾ ಹೋಗುತ್ತದೆ. ಎಡಕ್ಕೆ ಕಡಲು, ಬಲಕ್ಕೆ ಸುವರ್ಣಾ ನದಿ, ನಡುವೆ ರಸ್ತೆ, ತೆಂಗು, ಮೀನುಗಾರರ ಮನೆಗಳು. ರಸ್ತೆ ಮುಗಿಯುವಲ್ಲಿ ಕೋಡಿಬೆಂಗ್ರೆಯ ಅಳಿವೆ, ಅಂದರೆ ನದಿ ಕಡಲು ಸೇರುವ ಬಾಯಿ. ಸುವರ್ಣಾ, ಸೀತಾ ಎರಡೂ ಕೂಡಿ ಇಲ್ಲೇ ಕಡಲು ಸೇರುತ್ತವೆ. ಎದುರು ದಡ ಹಂಗಾರಕಟ್ಟೆ. ಕಡವು ದಾಟಿಸುವ ವ್ಯವಸ್ಥೆ ಆ ದಿನ ಇದೆಯೇ ಎಂದು ವಿಚಾರಿಸಿಕೊಂಡೇ ಹೋಗಿ. ಇಲ್ಲವಾದರೆ ಕಲ್ಯಾಣಪುರ, ಬ್ರಹ್ಮಾವರ, ಮಾಬುಕಳ ಸುತ್ತಿ ಬರಬೇಕು.

ಇಲ್ಲಿಗೆ ಹೋಗುವವರು ಗಡಿಯಾರಕ್ಕಿಂತ ಮೊದಲು ಭರತ, ಇಳಿತ, ಅಂದರೆ ಕಡಲ ನೀರಿನ ಏರಿಳಿತ ನೋಡಬೇಕು. ನೀರು ಸುಮಾರು ಆರು ಗಂಟೆ ಏರುತ್ತದೆ, ಆರು ಗಂಟೆ ಇಳಿಯುತ್ತದೆ. ಈ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇಳಿತದ ಮೂರನೇ, ನಾಲ್ಕನೇ ಗಂಟೆಯಲ್ಲಿ ಸೆಳೆತ ಜೋರು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಂತೂ ಇನ್ನೂ ಜೋರು. ಎರಡು ನದಿಗಳ ನೀರು ಒಂದೇ ಬಾಗಿಲಲ್ಲಿ ಹೊರಗೆ ನುಗ್ಗುವಾಗ ಎಂಥ ಈಜುಗಾರನೂ ಅದರೆದುರು ನಿಲ್ಲಲಾರ. ಅಳಿವೆಯಲ್ಲಿ ನೀರಿಗಿಳಿಯಲೇಬೇಡಿ. ಮೇಲೆ ನೀರು ನಯವಾಗಿ ಕಂಡರೂ ಅಡಿಯ ಮರಳು ಜಾಗ ಬದಲಿಸುತ್ತಿರುತ್ತದೆ. ನಿನ್ನೆ ಮೊಣಕಾಲು ಮುಳುಗುವಷ್ಟಿದ್ದಲ್ಲಿ ಇವತ್ತು ಆಳು ಮುಳುಗಬಹುದು.

ದಡದಲ್ಲಿ ನಿಂತು ದೋಣಿಗಳು ಒಳಬರುವುದನ್ನು ನೋಡಿ. ಅಳಿವೆಯ ಬಾಯಲ್ಲಿ ಮರಳುದಿಬ್ಬವಿದೆ. ಹೊರಹರಿಯುವ ನೀರಿಗೆ ಕಡಲ ತೆರೆ ಎದುರಾದಾಗ ಅಲೆ ಕಡಿದಾಗಿ ಎದ್ದು ದಿಬ್ಬದ ಮೇಲೆ ಮುರಿಯುತ್ತದೆ. ದೋಣಿ ಮಗುಚುವುದೂ ಅಲ್ಲೇ. ಹಾಗಾಗಿ ಅನುಭವಸ್ಥರು ಭರತಕ್ಕೆ ಕಾಯುತ್ತಾರೆ. ದಿಬ್ಬದ ಹೊರಗೆ ಎಂಜಿನ್ ಸಣ್ಣಗಿಟ್ಟು, ದೊಡ್ಡ ತೆರೆಗಳನ್ನು ಮುಂದೆ ಬಿಟ್ಟು, ಸಿಕ್ಕ ಸಣ್ಣ ಬಿಡುವಿನಲ್ಲಿ ತೆರೆಯ ಬೆನ್ನ ಹಿಂದೆಯೇ ಒಳಸೇರುತ್ತಾರೆ. ತೆರೆಯನ್ನು ಮೀರಿ ಮುಂದೆ ಹೋದರೆ ಮೂತಿ ನೀರಿಗೆ ಕಚ್ಚಿ ದೋಣಿ ಅಡ್ಡ ತಿರುಗುತ್ತದೆ. ಆ ಲೆಕ್ಕಾಚಾರ ನೋಡಿಯೇ ತಿಳಿಯಬೇಕು.

ಕಯಾಕ್ ಬೇಕೆಂದರೆ ನದಿಯ ಒಳಭಾಗವೇ ಸರಿ. ಭರತದ ಜೊತೆ ಕುದ್ರುಗಳ, ಅಂದರೆ ನದಿ ನಡುವಿನ ನಡುಗಡ್ಡೆಗಳ ಕಡೆಗೆ ಹೋಗಿ, ಇಳಿತ ಶುರುವಾಗುತ್ತಲೇ ವಾಪಸು ಹೊರಡಿ. ತಡವಾದರೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ತೋಡಿನಲ್ಲಿ ಕೆಸರೇ ಗತಿ. ಕಾಂಡ್ಲಾದ ಬೀಜ ಮರದಲ್ಲೇ ಮೊಳೆತು ಉದ್ದನೆಯ ಕೋಲಿನಂತೆ ನೇತಾಡುತ್ತಿರುತ್ತದೆ, ಕೀಳಬೇಡಿ. ಕೆಮ್ಮಣ್ಣಿನ ತೂಗುಸೇತುವೆಯೂ ಹತ್ತಿರದಲ್ಲೇ ಇದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಳೆ ಕಳೆದ ಮೇಲೆ, ನವೆಂಬರ್‌ನಿಂದ ಫೆಬ್ರವರಿವರೆಗೆ ಬರುವುದು ಉತ್ತಮ. ದಡದಲ್ಲಿ ಬಲೆ, ಒಣಮೀನು ಹರಡಿದ್ದರೆ ಬದಿಯಿಂದ ಸುತ್ತಿ ಹೋಗಿ. ಕಾರನ್ನು ರಸ್ತೆಯಲ್ಲೇ ನಿಲ್ಲಿಸಿ. ಮರಳಿಗಿಳಿಸಿದರೆ ಚಕ್ರ ಹೂತು, ಭರತ ಬರುವಷ್ಟರಲ್ಲಿ ಎಳೆಯಲು ಊರವರನ್ನೇ ಕರೆಯಬೇಕಾಗುತ್ತದೆ.